‘ಅರವತ್ತಕ್ಕೆ ಅರಳು ಮರಳು’ ನಿಜವೇ? ಮರೆವಿನ ಕಾಯಿಲೆಗೆ ಎಲ್ಲಿ, ಯಾರಿಗೆ ತೋರಿಸಬೇಕು?

ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಸುಮ್ಮನಾಗುತ್ತೇವೆ. ಇಲ್ಲವೇ ವಾಟ್ಸಾಪ್‌ನಲ್ಲಿ ಬಂದ ಮನೆಮದ್ದು ಕೊಡುತ್ತೇವೆ. ‘ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕು’ ಎಂದು ಕೈಚೆಲ್ಲುವವರೂ ಇದ್ದಾರೆ. ಈ ಮೂರೂ ತಪ್ಪು.

ಸಹಜ ಮರೆವು, ಕಾಯಿಲೆಯ ಮರೆವು

ಕನ್ನಡಕ ಎಲ್ಲಿಟ್ಟೆ ಎಂದು ಮರೆತು, ಆಮೇಲೆ ನೆನಪಾದರೆ ಅದು ವಯಸ್ಸಿನ ಸಹಜ ಮರೆವು. ದಿನಾ ಹೋಗುವ ಹೊಲದ ದಾರಿ ತಪ್ಪುವುದು, ಐವತ್ತು ವರ್ಷ ರೊಟ್ಟಿ ಬಡಿದ ಅವ್ವ ಹಿಟ್ಟು ನಾದುವುದನ್ನೇ ಮರೆಯುವುದು, ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಿಳಿಯದಾಗುವುದು ಡಿಮೆನ್ಷಿಯಾದ ಲಕ್ಷಣಗಳಾಗಿರಬಹುದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಉಳಿದ ಬಹುಪಾಲು ಹಿರಿಯರಿಗೆ ಇಲ್ಲ. ಹಾಗಾಗಿ ಗಾದೆ ಮಾತು ನಿಜವಲ್ಲ.

ಬೇಗ ತೋರಿಸಿದರೆ ಏನು ಲಾಭ?

ಮರೆವೆಲ್ಲ ಡಿಮೆನ್ಷಿಯಾ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳಿಂದಲೂ ಮರೆವು ಬರುತ್ತದೆ. ಚಿಕಿತ್ಸೆ ಕೊಟ್ಟರೆ ಇಂಥ ಮರೆವು ಸುಧಾರಿಸಬಲ್ಲದು. ಅಲ್ಝೈಮರ್‌ನಂಥ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಕೆಲವು ಮಾತ್ರೆಗಳಿಂದ ಕೆಲಕಾಲ ಲಕ್ಷಣಗಳು ತಗ್ಗುತ್ತವೆ, ಆರೈಕೆ ಹೇಗೆಂದು ಮನೆಯವರಿಗೂ ತಿಳಿಯುತ್ತದೆ.

ಮರೆವಿನ ಕ್ಲಿನಿಕ್‌ನಲ್ಲಿ ಯಾರಿರುತ್ತಾರೆ?

ಬರೀ ಸ್ಕ್ಯಾನಿಂಗ್‌ನಿಂದ ಡಿಮೆನ್ಷಿಯಾ ತೀರ್ಮಾನವಾಗುವುದಿಲ್ಲ. ಅದು ಒಂದು ತಂಡದ ಕೆಲಸ.

• ನರರೋಗ ಅಥವಾ ಮನೋರೋಗ ತಜ್ಞರು: ಪರೀಕ್ಷಿಸಿ, ಕಾರಣ ಹುಡುಕಿ, ಔಷಧ ಬರೆಯುತ್ತಾರೆ.
• ಮನಶ್ಶಾಸ್ತ್ರಜ್ಞರು: ನೆನಪು, ಭಾಷೆ, ಲೆಕ್ಕ, ಗಮನವನ್ನು ಪರೀಕ್ಷಿಸುತ್ತಾರೆ. ಇದಕ್ಕಾಗಿ ಐಸಿಎಂಆರ್ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳನ್ನು ರೂಪಿಸಿದೆ.
• ನರ್ಸ್ ಮತ್ತು ಸಮಾಜ ಕಾರ್ಯಕರ್ತರು: ಸ್ನಾನ, ಊಟ, ಮನೆಯ ಸುರಕ್ಷತೆ, ನೋಡಿಕೊಳ್ಳುವವರ ದಣಿವಿನ ಬಗ್ಗೆ ಮಾತನಾಡುತ್ತಾರೆ.

ಹತ್ತಿರದಿಂದ ಶುರು ಮಾಡಿ

ಇಂಗ್ಲೆಂಡಿನಲ್ಲಿ ಊರಿನ ವೈದ್ಯರು ಮೊದಲು ನೋಡಿ, ಬಳಿಕ ಮರೆವಿನ ಕ್ಲಿನಿಕ್‌ಗೆ ಚೀಟಿ ಕೊಟ್ಟು ಕಳಿಸುತ್ತಾರೆ. ನಮ್ಮಲ್ಲೂ ಮೆಟ್ಟಿಲುಗಳಿವೆ, ಹೆಚ್ಚಿನವರಿಗೆ ಗೊತ್ತಿಲ್ಲ ಅಷ್ಟೆ. ಬಾಗಲಕೋಟೆ ಜಿಲ್ಲೆಯ ರನ್ನ ಬೆಳಗಲಿಯ ಒಂದು ಮನೆಯನ್ನೇ ತೆಗೆದುಕೊಳ್ಳಿ.

1. ಮುಧೋಳ ತಾಲ್ಲೂಕು ಆಸ್ಪತ್ರೆ: ಬಿಪಿ, ಶುಗರ್, ರಕ್ತ ಪರೀಕ್ಷೆ ಇಲ್ಲಿಂದಲೇ ಶುರುವಾಗಲಿ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋರೋಗ ತಜ್ಞರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ.

2. ಬಾಗಲಕೋಟೆ ಜಿಲ್ಲಾ ಆಸ್ಪತ್ರೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕೇಳಿ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಮೊದಲು ಮೂರು ಜಿಲ್ಲೆಗಳಲ್ಲಿತ್ತು, ನಂತರ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಅದರ ಮೆದುಳು ಆರೋಗ್ಯ ಕ್ಲಿನಿಕ್‌ಗಳಲ್ಲಿ ಡಿಮೆನ್ಷಿಯಾ, ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು ನೋಡುತ್ತಾರೆ.

3. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್: ಕಾರಣ ಸ್ಪಷ್ಟವಾಗದಿದ್ದರೆ, ಸಣ್ಣ ವಯಸ್ಸಿನಲ್ಲೇ ಮರೆವು ಶುರುವಾದರೆ ಇಲ್ಲಿಗೆ.

ಕೊರತೆಯೂ ಇದೆ. ನರರೋಗ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲಿದ್ದಾರೆ, ಜಿಲ್ಲಾ ತಂಡ ಇಡೀ ಜಿಲ್ಲೆಯನ್ನು ನೋಡಬೇಕು. ಆದ್ದರಿಂದ ಹೋಗುವ ಮೊದಲು ಮರೆವು ಯಾವಾಗ ಶುರುವಾಯಿತು, ಏನೇನು ಬದಲಾಯಿತು ಎಂದು ಬರೆದಿಟ್ಟುಕೊಳ್ಳಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ಜೊತೆಗೆ ದಿನಾ ನೋಡಿಕೊಳ್ಳುವವರೇ ಹೋಗಲಿ.

ಇದಕ್ಕೆ ಮಾತ್ರ ಕಾಯಬೇಡಿ

ಒಂದೆರಡು ದಿನದಲ್ಲೇ ಗೊಂದಲ ಶುರುವಾದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಕ್ಲಿನಿಕ್ ದಿನಕ್ಕಾಗಿ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿ. ಅದು ಸೋಂಕು ಅಥವಾ ಪಾರ್ಶ್ವವಾಯು ಆಗಿರಬಹುದು.

ಸಲಹೆಗೆ ಟೆಲಿಮನಸ್ 14416, ಹಿರಿಯರ ಸಹಾಯವಾಣಿ 14567 ಉಚಿತ. ಮುಂದಿನ ಸಲ ಮನೆಮದ್ದಿನ ಫಾರ್ವರ್ಡ್ ಬಂದರೆ, ಬದಲಿಗೆ ಈ ಎರಡು ನಂಬರ್ ಕಳಿಸಿ.