ಮರುವಾಯಿ ಬೇಯಿಸಿದ ನೀರು ಚೆಲ್ಲಬೇಡಿ!

ಈ ಚಿಪ್ಪುಮೀನಿಗೆ ಮಂಗಳೂರು, ಉಡುಪಿ ಕಡೆ ಮರುವಾಯಿ ಅಂತಾರೆ. ಕುಮಟಾ ಕಡೆ ಬಳಚು. ಘಟ್ಟದ ಮೇಲಿನ ಎಷ್ಟೋ ಜನ ಇದರ ಚಿಪ್ಪು ನೋಡಿರ್ತಾರೆ, ರುಚಿ ನೋಡಿರಲ್ಲ. ನೋಡಲೇಬೇಕು ಕಣ್ರೀ!

ನದಿ ಸಮುದ್ರ ಸೇರುವ ಅಳಿವೆಯ ಮರಳು, ಕೆಸರಿನಲ್ಲಿ ಇದರ ವಾಸ. ಅಘನಾಶಿನಿ ನದಿಯ ಅಳಿವೆಯಲ್ಲಿ ನೀರಿಳಿದ ಹೊತ್ತಿಗೆ ಹೆಂಗಸರು, ಗಂಡಸರು ನೀರಲ್ಲೇ ನಿಂತು ಮರಳು ಕೆದಕಿ ಆರಿಸ್ತಾರೆ.

ಬಾಯಿ ಬಿಗಿಯಾಗಿ ಮುಚ್ಚಿರೋದನ್ನೇ ಕೊಳ್ಳಿ. ತೆರೆದಿದ್ದರೆ ಬೆರಳಲ್ಲಿ ತಟ್ಟಿ. ಆಗಲೂ ಮುಚ್ಚಿಕೊಳ್ಳದಿದ್ದರೆ ಸತ್ತಿದೆ, ಬಿಸಾಡಿ. ಇದು ನೀರು ಸೋಸಿ ಬದುಕುವ ಜೀವಿ, ಒಳಗೆ ಮರಳಿರುತ್ತೆ. ಅದಕ್ಕೇ ಉಪ್ಪುನೀರಲ್ಲಿ ನೆನೆಹಾಕಿ, ಚೆನ್ನಾಗಿ ಉಜ್ಜಿ ತೊಳೆಯಿರಿ.

ಈಗ ಪಾತ್ರೆಗೆ ಹಾಕಿ, ಒಂದು ಲೋಟ ನೀರು ಸುರಿದು ಮುಚ್ಚಿ ಬೇಯಿಸಿ. ಕೆಲವೇ ನಿಮಿಷದಲ್ಲಿ ಟಪ್ ಟಪ್ ಅಂತ ಬಾಯಿ ಬಿಡುತ್ತೆ. ಬಿಡದೇ ಇದ್ದದ್ದು ಬೇಡ. ತಳದಲ್ಲಿ ಬೆಳ್ಳಗಿನ ನೀರು ಉಳಿಯುತ್ತಲ್ಲ, ದಯವಿಟ್ಟು ಚೆಲ್ಲಬೇಡಿ! ಕಡಲಿನ ಉಪ್ಪು, ಹಿಂದೆಯೇ ಬರುವ ಸಣ್ಣ ಸಿಹಿ, ಎರಡೂ ಅದರಲ್ಲೇ ಇವೆ. ಬಟ್ಟೆಯಲ್ಲಿ ಸೋಸಿಡಿ.

ಒಣಮೆಣಸು, ಕೊತ್ತಂಬರಿ, ಜೀರಿಗೆ ಹುರಿದು, ಬೆಳ್ಳುಳ್ಳಿ, ಹುಣಸೆ, ಅರಶಿನ ಸೇರಿಸಿ ರುಬ್ಬಿ. ಈರುಳ್ಳಿ ಬಾಡಿಸಿ, ಮಸಾಲೆ ಹಾಕಿ, ಸೋಸಿದ ನೀರು ಸುರಿದು ಕುದಿಸಿ. ಖಾಲಿ ಚಿಪ್ಪು ತೆಗೆದು, ಮಾಂಸ ಅಂಟಿರುವ ಅರ್ಧ ಹಾಕಿ. ತರಿತರಿಯಾಗಿ ರುಬ್ಬಿದ ತೆಂಗಿನಕಾಯಿ ಕೊನೆಗೆ. ಉಪ್ಪು ಮಾತ್ರ ರುಚಿ ನೋಡಿಯೇ ಹಾಕಿ. ಹೆಚ್ಚು ಬೇಯಿಸಿದರೆ ರಬ್ಬರಿನಂತಾಗುತ್ತೆ, ಬೇಗ ಇಳಿಸಿ.

ಮರುವಾಯಿ ಸುಕ್ಕ ರೆಡಿ. ಜೊತೆಗೆ ನೀರುದೋಸೆ ಇರಲಿ. ಚಮಚ ಬೇಡ, ಚಿಪ್ಪನ್ನೇ ಬಾಯಿಗಿಟ್ಟು ಮಸಾಲೆ ಸಮೇತ ಹೀರಿ!