ಮೂರು ಡಿಸ್ಕಿನ ಆಸೆ, ಎರಡು ಪ್ರತಿಯ ನೆಮ್ಮದಿ

ಹೊಸೂರು ರಸ್ತೆಯ ಹೆಬ್ಬಗೋಡಿಗೆ ಒಂದು ಮಗ್ಗುಲಲ್ಲಿ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಮಗ್ಗುಲಲ್ಲಿ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಡೇಟಾ ಕಾಯುವುದಕ್ಕೇ ಜನರಿರುತ್ತಾರೆ. ಸಣ್ಣ ಕಾರ್ಖಾನೆಯ ಮಾಲೀಕರಿಗೆ ಹಾಗಲ್ಲ. ಗ್ರಾಹಕರ ಡ್ರಾಯಿಂಗು, ಸಿಎನ್‌ಸಿ ಪ್ರೋಗ್ರಾಂ, ಜಿಎಸ್‌ಟಿ ಲೆಕ್ಕ ಎಲ್ಲವೂ ಮೂಲೆಯ ಒಂದು ಲಿನಕ್ಸ್ ಪೆಟ್ಟಿಗೆಯಲ್ಲಿ ಕೂರಬೇಕು. ಅಂಥವರಿಗೆ ಬಿಟಿಆರ್‌ಎಫ್‌ಎಸ್ ಎಂಬ ಮುಕ್ತ ಫೈಲ್‌ಸಿಸ್ಟಂ ಮೇಲೆ ಕಣ್ಣು ಬೀಳುವುದು ಸಹಜ. ಲೈಸೆನ್ಸ್ ದುಡ್ಡಿಲ್ಲ, ಬೇರೆ ಬೇರೆ ಅಳತೆಯ ಡಿಸ್ಕುಗಳನ್ನೂ ಒಟ್ಟಿಗೆ ದುಡಿಸುತ್ತದೆ, ಹಲವು ಡಿಸ್ಕುಗಳಿಗೆ ಡೇಟಾ ಹಂಚಿ ಇಡುವ ರೈಡ್ ಕೂಡ ಒಳಗೇ ಇದೆ.

ಒರಾಕಲ್‌ನಲ್ಲಿದ್ದ ಕ್ರಿಸ್ ಮೇಸನ್ 2007ರಲ್ಲಿ ಶುರು ಮಾಡಿದ ಕೆಲಸವಿದು. 2009ರಲ್ಲಿ ಲಿನಕ್ಸ್ ಕರ್ನಲ್ ಸೇರಿತು. ಲಿನಕ್ಸ್ ಹಂಚುವವರಲ್ಲಿ ಸೂಸೆ 2014ರಲ್ಲೇ ಇದನ್ನು ತನ್ನ ಎಂಟರ್‌ಪ್ರೈಸ್ ಆವೃತ್ತಿಯ ಮೂಲ ಆಯ್ಕೆಯಾಗಿಸಿತು, ಫೆಡೋರಾ ಡೆಸ್ಕ್‌ಟಾಪ್ 2020ರಲ್ಲಿ. ರೆಡ್ ಹ್ಯಾಟ್ ಮಾತ್ರ 2019ರ ಆವೃತ್ತಿಯಿಂದ ಇದನ್ನು ಕಿತ್ತೇ ಹಾಕಿತು. ಹಾಗಾದರೆ ಇದು ಪಕ್ವವಾಗಿದೆಯೇ? ಯಾವ ರೈಡ್ ಎಂದು ಕೇಳದೆ ಉತ್ತರ ಹೇಳಲಾಗದು.

ಪ್ರತಿ ತುಣುಕನ್ನೂ ಎರಡು ಡಿಸ್ಕುಗಳಲ್ಲಿ ಇಡುವ ರೈಡ್ 1 ಬಳಕೆಯಲ್ಲಿ ಪಳಗಿದೆ. ತಾಳೆ ನೋಡಲು ಚೆಕ್‌ಸಮ್ ಇರುವುದರಿಂದ ಎರಡರಲ್ಲಿ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ, ಒಳ್ಳೆಯದರಿಂದ ಅದನ್ನು ಸರಿಪಡಿಸಲೂ ಆಗುತ್ತದೆ. ಆದರೆ ಇದಕ್ಕೆ ಅರ್ಧ ಜಾಗ ಹೋಗುತ್ತದೆ. ಆಸೆ ಹುಟ್ಟುವುದು ಇಲ್ಲೇ: ರೈಡ್ 5 ಮಾಡಿದರೆ ಮೂರು ಡಿಸ್ಕಿನಲ್ಲಿ ಎರಡರ ಜಾಗ ಸಿಗುತ್ತದಲ್ಲ!

ಸಿಗುತ್ತದೆ. ಅಪಾಯವೂ ಜೊತೆಗೇ ಬರುತ್ತದೆ. ಸರಳ ಮಾಡಿ ಹೇಳುವುದಾದರೆ, ಒಂದು ಡಿಸ್ಕಿನಲ್ಲಿ 7, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12, ಅಂದರೆ ಪ್ಯಾರಿಟಿ. ಎರಡನೆಯದು ಸತ್ತರೆ 12ರಲ್ಲಿ 7 ಕಳೆದು 5 ಪಡೆಯಬಹುದು. ಈಗ ಮೊದಲನೆಯದು 9 ಆಯಿತು; 12 ಹೋಗಿ 14 ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಮುಂದೊಂದು ದಿನ ಎರಡನೇ ಡಿಸ್ಕು ಕೈಕೊಟ್ಟಾಗ ಸಿಗುವುದು 3. ಕಳೆದುಹೋದದ್ದು ಯಾರೂ ಮುಟ್ಟದೇ ಇದ್ದ 5 ಎಂಬುದನ್ನು ಗಮನಿಸಿ. ಬಲ್ಲವರು ಇದನ್ನೇ ರೈಟ್ ಹೋಲ್ ಎನ್ನುವುದು. ಬಿಟಿಆರ್‌ಎಫ್‌ಎಸ್ ಹಳೆಯ ಡೇಟಾದ ಮೇಲೆ ಬರೆಯುವುದಿಲ್ಲ, ನಿಜ. ಆದರೆ ಒಂದೇ ಪ್ಯಾರಿಟಿಗೆ ಸೇರಿದ ಸಾಲಿನ ಖಾಲಿ ಜಾಗ ತುಂಬಿದಾಗಲೂ ಪ್ಯಾರಿಟಿಯನ್ನು ಇದ್ದಲ್ಲೇ ತಿದ್ದಬೇಕಾಗುತ್ತದೆ. 3 ತಪ್ಪೆಂದು ಚೆಕ್‌ಸಮ್ ಹೇಳಬಲ್ಲದು, 5 ಅನ್ನು ತಂದುಕೊಡಲಾರದು.

ರೈಡ್ 5 ಮತ್ತು 6 ಬಿಟಿಆರ್‌ಎಫ್‌ಎಸ್‌ಗೆ ಬಂದದ್ದು 2013ರಲ್ಲಿ. 2016ರಲ್ಲಿ ದೋಷ ಹುಡುಕಿ ತಿದ್ದಬೇಕಾದ ಸ್ಕ್ರಬ್ಬೇ ಕೆಲವೊಮ್ಮೆ ಪ್ಯಾರಿಟಿ ಕೆಡಿಸುತ್ತಿದೆ ಎಂಬುದು ಬಯಲಾಯಿತು. ಆಮೇಲೆ ಬಹಳಷ್ಟು ಸರಿಹೋಗಿದೆ. ಆದರೂ ರೈಡ್ 5 ಕೇಳಿ ಫಾರ್ಮ್ಯಾಟ್ ಮಾಡಲು ಹೊರಟರೆ, ಪರೀಕ್ಷೆಗಲ್ಲದೆ ಬಳಸಬೇಡಿ ಎಂದು ಆ ತಂತ್ರಾಂಶವೇ ಎಚ್ಚರಿಸುತ್ತದೆ. ತಯಾರಕರೇ ಬೇಡ ಎಂದಮೇಲೆ ನಾವು ಹಟ ಮಾಡುವುದೇಕೆ? ಸಿನಾಲಜಿ ಕಂಪನಿಯ ನಾಸ್ (ನೆಟ್‌ವರ್ಕ್ ಸಂಗ್ರಹ) ಪೆಟ್ಟಿಗೆಗಳು ಕೂಡ ಬಿಟಿಆರ್‌ಎಫ್‌ಎಸ್ ಅನ್ನು ಮೇಲಿಟ್ಟು, ರೈಡ್ ಕೆಲಸವನ್ನು ಲಿನಕ್ಸಿನ ಹಳೆಯ ರೈಡ್ ತಂತ್ರಾಂಶವಾದ ಎಂಡಿಗೇ ಒಪ್ಪಿಸಿವೆ. ಪ್ಯಾರಿಟಿ ಬೇಕೇಬೇಕು ಎನ್ನುವವರಿಗೆ ಬೇರೊಂದು ಫೈಲ್‌ಸಿಸ್ಟಂ ಆದ ಝಡ್‌ಎಫ್‌ಎಸ್ ಇದೆ. ಪ್ರತಿ ಬರಹವನ್ನೂ ಅದರ ಪ್ಯಾರಿಟಿ ಸಮೇತ ಹೊಸ ಜಾಗಕ್ಕೆ ಹಾಕುವುದರಿಂದ ಅಲ್ಲಿ ಈ ತೂತಿಲ್ಲ.

ರೈಡ್ 1ಕ್ಕೂ ಒಂದು ತೊಡಕು ಇದೆ. ಎರಡರಲ್ಲಿ ಒಂದು ಡಿಸ್ಕು ಸತ್ತ ಮೇಲೆ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ, 'ಡಿಗ್ರೇಡೆಡ್' ಎಂದು ನಾವೇ ಹೇಳುವ ತನಕ ಫೈಲ್‌ಸಿಸ್ಟಂ ಮೌಂಟ್ ಆಗುವುದಿಲ್ಲ. ಬದಲಿ ಡಿಸ್ಕನ್ನು ತಾನಾಗಿ ಎತ್ತಿಕೊಳ್ಳುವುದೂ ಇಲ್ಲ. ಸೋಮವಾರ ಬೆಳಿಗ್ಗೆ ಶಿಫ್ಟ್ ಶುರುವಾಗುವ ಹೊತ್ತಿಗೆ ಇದು ತಿಳಿದರೆ ಕಷ್ಟ.

ಆದ್ದರಿಂದ ಎರಡು ಪ್ರತಿಯ ರೈಡ್ 1 ಇಟ್ಟುಕೊಳ್ಳಿ, ಯುಪಿಎಸ್ ಹಾಕಿಸಿ, ಬ್ಯಾಕಪ್ಪನ್ನು ಬೇರೆ ಕಟ್ಟಡದಲ್ಲಿಡಿ. ಅಸಲಿ ಫೈಲು ತುಂಬುವ ಮೊದಲೇ ಒಂದು ಡಿಸ್ಕಿನ ಕೇಬಲ್ ಕಿತ್ತು, ಸರ್ವರ್ ಮತ್ತೆ ಏಳುತ್ತದೋ ಇಲ್ಲವೋ ನೋಡಿಕೊಳ್ಳಿ.