ಹುಡುಗಿಯ ಸಂಬಳ, ಹುಡುಗನ ಸಾಲ

ಮಗಳಿಗಿಂತ ಅಳಿಯನಿಗೆ ನೂರು ರೂಪಾಯಿಯಾದರೂ ಹೆಚ್ಚು ಸಂಬಳವಿರಲಿ ಎನ್ನುವ ತಂದೆ-ತಾಯಂದಿರು ಈಗಲೂ ಇದ್ದಾರೆ. ಇಲ್ಲವಾದರೆ ಜಾತಕ ಕೂಡಿದರೂ ಮಾತು ಮುಂದುವರಿಯದು.

ಎಪ್ಪತ್ತರ ದಶಕದ ಪುಣೆ. ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಕುಲಕರ್ಣಿ ಟೆಲ್ಕೋದಲ್ಲಿ ಎಂಜಿನಿಯರ್. ಗೆಳೆಯ ನಾರಾಯಣಮೂರ್ತಿಯವರೋ ಕೆಲಸ ಬಿಟ್ಟು ಸ್ವಂತ ಉದ್ಯಮಕ್ಕೆ ಕೈಹಾಕಿದವರು. ಹೋಟೆಲಿಗೆ ಹೋದರೆ ಅವರ ಪಾಲಿನ ಬಿಲ್ಲೂ ಸುಧಾ ಅವರದೇ. ಆಕೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಮೂರು ವರ್ಷಕ್ಕೆ ಸಾಲ 4000 ರೂಪಾಯಿ ದಾಟಿತು! ಕೇಳಲು ಅವರಿಗೆ ಸಂಕೋಚವಿರಲಿಲ್ಲ, ಕೊಡಲು ಇವರಿಗೆ ಬಿಗುಮಾನವಿರಲಿಲ್ಲ. ಒಪ್ಪದವರು ಹುಡುಗಿಯ ತಂದೆ. ನೆಲೆಯಾದ ನೌಕರಿಯಿಲ್ಲದವನಿಗೆ ಮಗಳನ್ನು ಕೊಡುವುದು ಹೇಗೆ? (ಹೆತ್ತವರ ಈ ಆತಂಕವನ್ನು ತಪ್ಪೆನ್ನಲಾಗದು.) ಕೊನೆಗೆ ಮುಂಬಯಿಯಲ್ಲಿ ನೌಕರಿ ಸಿಕ್ಕಿ, 1978ರಲ್ಲಿ ಬೆಂಗಳೂರಿನಲ್ಲಿ ಮದುವೆಯಾಯಿತು. ಖರ್ಚು 800 ರೂಪಾಯಿ, ಇಬ್ಬರದೂ ಸಮಪಾಲು. ತೀರದ ಸಾಲದ ಪುಸ್ತಕವನ್ನು ಸುಧಾ ಹರಿದುಹಾಕಿದರು.

1981ರಲ್ಲಿ ಇನ್ಫೋಸಿಸ್‌ಗೆ ಸಿಕ್ಕ 10,000 ರೂಪಾಯಿಯೂ ಆಕೆಯ ಉಳಿತಾಯದ್ದೇ. ಆಗ ಮನೆ ನಡೆಸಿದ್ದೂ ಆಕೆಯ ಸಂಬಳ. ಆದರೆ ಗಂಡ-ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿರುವುದು ಬೇಡವೆಂದು ಪತಿ ಹೇಳಿದಾಗ, ಹೊರಗುಳಿದವರು ದುಡ್ಡು ಕೊಟ್ಟವರೇ! ಈ ಕಥೆಯನ್ನು ಮಕ್ಕಳಿಗೆ ಹೇಳುವವರು ಸಾಮಾನ್ಯವಾಗಿ ಇಷ್ಟನ್ನು ಹಾರಿಸಿಬಿಡುತ್ತಾರೆ. ಆ ನಿಲುವು ತಪ್ಪಾಗಿತ್ತೆಂದು 2024ರ ಸಂದರ್ಶನವೊಂದರಲ್ಲಿ ಒಪ್ಪಿಕೊಂಡವರು ನಾರಾಯಣಮೂರ್ತಿಯವರೇ.